ಅಜ್ಞಾತವಾಸಕ್ಕೆ ಹೋದ ಮಾತ್ರೆ

ಚಿಕ್ಕಮ್ಮನ ಬೆರಳಿಗೆ ಸೂಜಿ ಚುಚ್ಚಿದ್ದು ಬೆಳಿಗ್ಗೆ ಎಂಟಕ್ಕೆ. ಒಂಬತ್ತಾದರೂ ರಕ್ತ ನಿಂತಿರಲಿಲ್ಲ.

ಅವಳೇನೂ ನನಗೆ ಹೇಳಲಿಲ್ಲ. ಹೇಳುವ ಪೈಕಿಯೂ ಅಲ್ಲ. ಕೆಲಸಕ್ಕೆ ಹೊರಟು ಬಸ್ ಸ್ಟಾಪಿನವರೆಗೆ ಹೋದವಳು ಕನ್ನಡಕ ಮರೆತೆನೆಂದು ವಾಪಸು ಬಂದೆ. ನೋಡಿದರೆ ಚಿಕ್ಕಮ್ಮ ಹೊಲಿಗೆ ಯಂತ್ರದ ಮುಂದೆ ಕೂತು, ಎಡಗೈಯನ್ನು ತಲೆಗಿಂತ ಮೇಲೆ ಎತ್ತಿ ಹಿಡಿದು, ಬಲಗೈ ಒಂದರಲ್ಲೇ ಬಟ್ಟೆ ತಳ್ಳುತ್ತ ಪೆಡಲ್ ತುಳಿಯುತ್ತಿದ್ದಳು. ಶಾಲೆಯ ಮಕ್ಕಳ ಬಿಳಿ ಅಂಗಿಗಳು, ನಲವತ್ತು, ನಾಳೆ ಕೊಡಬೇಕಾದವು. ಎತ್ತಿದ ಕೈಯ ಬೆರಳಿಗೆ ಸುತ್ತಿದ್ದ ಬಟ್ಟೆಚೂರು ಪೂರ್ತಿ ಕೆಂಪಾಗಿತ್ತು. ನೆಲದ ಮೇಲೆ ಅಂಥವೇ ಇನ್ನೂ ನಾಲ್ಕು ಚೂರು ಬಿದ್ದಿದ್ದವು.

"ಏನಿದು ಚಿಕ್ಕಮ್ಮ?"

"ಏನಿಲ್ಲ ಕಣೇ, ಸೂಜಿ ತಾಗ್ತು. ನಲವತ್ತು ವರ್ಷದಿಂದ ತಾಗ್ತಾನೇ ಇದೆ. ಬಿಳಿ ಬಟ್ಟೆ ಮೇಲೆ ಕಲೆ ಆಗ್ಬಾರ್ದು ಅಂತ ಕೈ ಎತ್ಕೊಂಡಿದೀನಿ, ಅಷ್ಟೇ. ನೀನು ಹೊರಡು, ಬಸ್ಸು ತಪ್ಪತ್ತೆ."

"ಎಷ್ಟೊತ್ತಾಯ್ತು?"

"ಈಗ ತಾನೆ."

ಅವಳ ಸುಳ್ಳು ನನಗೆ ಗೊತ್ತು. ಸುಳ್ಳು ಹೇಳುವಾಗ ಮಾತ್ರ ಪೆಡಲ್ ಮೇಲಿನ ಕಾಲು ನಿಲ್ಲುತ್ತದೆ. ಹತ್ತಿರ ಹೋಗಿ ಅವಳ ರವಿಕೆಯ ತೋಳು ಮೇಲಕ್ಕೆ ಸರಿಸಿದೆ. ಮೊಣಕೈಯಿಂದ ಭುಜದವರೆಗೆ ನೀಲಿ, ನೇರಳೆ, ಅಂಚಿನಲ್ಲಿ ಹಳದಿ.

ನಾನು ಹುಟ್ಟಾ ಅಂಜುಬುರುಕಿ. ಚಿಕ್ಕಮ್ಮ ನನ್ನನ್ನು ಕರೆಯುವುದೇ ಪುಕ್ಕಲಿ ಎಂದು. ನನಗೆ ಒಂಬತ್ತು ವರ್ಷವಾಗಿದ್ದಾಗ ಅಮ್ಮ ತೀರಿಕೊಂಡಳು; ಅಮ್ಮನ ತಂಗಿ ಒಂದು ಹೊಲಿಗೆ ಯಂತ್ರ, ಒಂದು ಟ್ರಂಕು ಹಿಡಿದುಕೊಂಡು ಬಂದವಳು ಮತ್ತೆ ಹೋಗಲೇ ಇಲ್ಲ. ಅಂದಿನಿಂದ ನನ್ನ ಹೆದರಿಕೆಗಳೆಲ್ಲ ಎಲ್ಲೆಲ್ಲಿ ಸುತ್ತಿದರೂ ಕೊನೆಗೆ ಬಂದು ನಿಲ್ಲುವುದು ಒಂದೇ ಕಡೆ: ಇವಳಿಗೇನಾದರೂ ಆದರೆ? ಆರು ವರ್ಷದ ಹಿಂದೆ ಆಯಿತು ಕೂಡ. ಹೃದಯದ ಒಂದು ಕವಾಟ ಕೆಟ್ಟು, ಅದರ ಜಾಗದಲ್ಲಿ ಲೋಹದ್ದು ಹಾಕಿದರು. ಮನೆ ಸದ್ದಿಲ್ಲದೆ ಇರುವಾಗ ಪಕ್ಕದಲ್ಲಿ ಕೂತರೆ ಅವಳ ಎದೆ ಟಿಕ್ ಟಿಕ್ ಎನ್ನುವುದು ಕೇಳಿಸುತ್ತದೆ. ಆ ಲೋಹದ ಮೇಲೆ ರಕ್ತ ಹೆಪ್ಪುಗಟ್ಟಬಾರದೆಂದು ದಿನಾ ಸಂಜೆ ಒಂದು ಪುಟ್ಟ ಗುಲಾಬಿ ಮಾತ್ರೆ, ರಕ್ತ ತೆಳುವಾಗಿಸುವ ಮಾತ್ರೆ. ಅದರ ಪ್ರಭಾವ ಕಡಿಮೆಯಾದರೆ ಕವಾಟ ಕಟ್ಟಿಕೊಳ್ಳುತ್ತದೆ. ಜಾಸ್ತಿಯಾದರೆ ರಕ್ತ ಎಲ್ಲಿ ಬೇಕಾದರೂ ಸೋರುತ್ತದೆ; ಹೊಟ್ಟೆಯಲ್ಲಿ, ತಲೆಯಲ್ಲಿ.

"ಹೊಸದಾಗಿ ಏನು ತಗೊಂಡಿದೀಯ? ಮಾತ್ರೆ, ಟಾನಿಕ್ಕು, ಏನಾದ್ರೂ?"

"ಏನೂ ಇಲ್ಲ."

ಕಾಲು ನಿಂತೇ ಇತ್ತು. ನಾನು ಅವಳ ಗುಂಡಿಗಳ ಡಬ್ಬಿ ತೆಗೆದೆ. ಈ ಮನೆಯಲ್ಲಿ ಏನನ್ನಾದರೂ ಬಚ್ಚಿಡುವುದಿದ್ದರೆ ಅವಳು ಅಲ್ಲೇ ಇಡುವುದು. ಬಣ್ಣಬಣ್ಣದ ಗುಂಡಿಗಳ ಅಡಿಯಲ್ಲಿ, ಅರ್ಧ ಹಿಂಡಿದ ಒಂದು ಟ್ಯೂಬು ಸಿಕ್ಕಿತು. ಬಾಯಿಹುಣ್ಣಿಗೆ ಹಚ್ಚುವ ಜೆಲ್.

"ಹೊಸ ಹಲ್ಲಿನ ಸೆಟ್ಟು ಕಚ್ತಾ ಇತ್ತು," ಎಂದಳು ಚಿಕ್ಕಮ್ಮ, ನನ್ನ ಕಡೆ ನೋಡದೆ. "ಬಾಯೊಳಗೆಲ್ಲ ಬೆಳ್ಳಗೆ ಆಗಿತ್ತು. ಹಲ್ಲಿನ ಡಾಕ್ಟ್ರು ಬರ್ಕೊಟ್ರು. ಇದನ್ನೆಲ್ಲ ನಿಂಗೆ ಹೇಳಿದ್ರೆ ನೀನು ಮನೆ ತಲೆ ಮೇಲೆ ಹೊತ್ಕೋತೀಯ ಅಂತ ಸುಮ್ನಿದ್ದೆ. ಅದು ನುಂಗೋದೂ ಅಲ್ಲ, ಬರೀ ಹಚ್ಚೋದು. ಮೆಡಿಕಲ್ ಶಾಪಲ್ಲಿ ಕೇಳೇ ತಗೊಂಡಿದೀನಿ. ನಿಮ್ಮ ಮೆಷೀನೇ ಹಸಿರು ತೋರಿಸ್ತಂತೆ."

ಟ್ಯೂಬಿನ ಮೇಲಿನ ಹೆಸರು ಓದಿದೆ. ಆ ಜೆಲ್ಲೂ ಆ ಗುಲಾಬಿ ಮಾತ್ರೆಯೂ ಒಂದೇ ಮೈಯಲ್ಲಿ ಇರಬಾರದು. ಇದು ನನಗೆ ನನ್ನ ಹೆಸರಿನಷ್ಟೇ ಚೆನ್ನಾಗಿ ಗೊತ್ತು. ಹಚ್ಚಿದ್ದು ಉಗುಳಿನ ಜೊತೆ ಒಳಗಿಳಿಯುತ್ತದೆ, ಮಾತ್ರೆಯನ್ನು ಕರಗಿಸಿ ಹೊರಹಾಕುವ ಯಕೃತ್ತಿನ ಕೆಲಸಕ್ಕೆ ಅಡ್ಡ ನಿಲ್ಲುತ್ತದೆ. ಮಾತ್ರೆ ದಿನದಿಂದ ದಿನಕ್ಕೆ ಒಳಗೇ ಜಮಾ ಆಗುತ್ತದೆ.

"ಎಷ್ಟು ದಿನದಿಂದ?"

"ಹನ್ನೆರಡು ದಿನ ಆಯ್ತೇನೋ. ಯಾಕೇ ಹಾಗೆ ನೋಡ್ತೀಯ?"

ನಾನು ಟ್ಯಾಕ್ಸಿಗೆ ಫೋನ್ ಮಾಡಿದೆ.

*

ದಾರಿಯುದ್ದಕ್ಕೂ ಚಿಕ್ಕಮ್ಮ ನಲವತ್ತು ಅಂಗಿಗಳ ಬಗ್ಗೆ ಗೊಣಗುತ್ತಿದ್ದಳು. ನಾನು ಅವಳ ಬೆರಳನ್ನು ನನ್ನ ಮುಷ್ಟಿಯಲ್ಲಿ ಒತ್ತಿ ಹಿಡಿದುಕೊಂಡು, ಇನ್ನೊಂದು ಕೈಯಲ್ಲಿ ಮೆಡಿಕಲ್ ಶಾಪಿಗೆ ಫೋನ್ ಮಾಡಿದೆ. ಅಲ್ಲಿನ ಫಾರ್ಮಸಿಸ್ಟ್ ಇಪ್ಪತ್ತು ವರ್ಷದ ಅನುಭವದ ಹೆಂಗಸು; ಅವರಿಗೆ ನಾನೂ ಗೊತ್ತು, ಚಿಕ್ಕಮ್ಮನೂ ಗೊತ್ತು.

ಇಲ್ಲಿ ನನ್ನ ಕೆಲಸವೇನೆಂದು ಹೇಳಿಬಿಡಬೇಕು. ಔಷಧಗಳ ಜಗಳ ಹುಡುಕುವುದು ನನ್ನ ಕೆಲಸ. ಒಂದೊಂದೇ ತೆಗೆದುಕೊಂಡರೆ ಸಾಧುವಾದ ಎರಡು ಔಷಧಗಳು ಒಟ್ಟಿಗೆ ಹೊಟ್ಟೆ ಸೇರಿದರೆ ಮನುಷ್ಯನನ್ನೇ ಮುಗಿಸಬಹುದು. ಇರುವ ಸಾವಿರಾರು ಔಷಧಗಳಲ್ಲಿ ಯಾವುದಕ್ಕೆ ಯಾವುದು ಆಗಿಬರುವುದಿಲ್ಲ ಎಂದು ಒಂದೊಂದೇ ಜೋಡಿಯನ್ನು ಮನುಷ್ಯರ ಮೇಲೆ ಪ್ರಯೋಗಿಸಿ ನೋಡುವುದಕ್ಕೆ ಆಗದು. ಅದಕ್ಕೇ ನಮ್ಮ ಪ್ರಯೋಗಶಾಲೆಯಲ್ಲಿ ಒಂದು ಪ್ರೋಗ್ರಾಂ ಬರೆದಿದ್ದೇವೆ. ಈಗಾಗಲೇ ಗೊತ್ತಿರುವ ಜಗಳಗಳ ಒಂದು ದೊಡ್ಡ ಪಟ್ಟಿ ಇದೆ. ಆ ಪಟ್ಟಿಯಿಂದ ಕಲಿತು, ಔಷಧಗಳ ರಚನೆ ನೋಡಿ, ಇನ್ನೂ ಯಾರಿಗೂ ಗೊತ್ತಿಲ್ಲದ ಜಗಳಗಳನ್ನು ಪ್ರೋಗ್ರಾಂ ಊಹಿಸುತ್ತದೆ. ಪರೀಕ್ಷಾರ್ಥವಾಗಿ ಹನ್ನೊಂದು ಮೆಡಿಕಲ್ ಶಾಪುಗಳಿಗೆ ಕೊಟ್ಟಿದ್ದೆವು. ಅಂಗಡಿಯವರು ಎರಡು ಔಷಧಗಳ ಹೆಸರು ಹಾಕುತ್ತಾರೆ. ಪಟ್ಟಿಯಲ್ಲಿದ್ದರೆ ಕೆಂಪು. ಪಟ್ಟಿಯಲ್ಲಿ ಇಲ್ಲದಿದ್ದರೆ ಪ್ರೋಗ್ರಾಂ ತಾನೇ ಯೋಚಿಸಿ ಕೆಂಪೋ ಹಸಿರೋ ಕೊಡುತ್ತದೆ.

ಈ ಜೆಲ್ಲೂ ಆ ಮಾತ್ರೆಯೂ ಪಟ್ಟಿಯಲ್ಲಿ ಇವೆ. ಪ್ರೋಗ್ರಾಂ ಯೋಚಿಸುವ ಮಾತೇ ಇಲ್ಲ.

"ಮೇಡಂ, ನಂಗೂ ಅನುಮಾನ ಬಂತು," ಎಂದರು ಫಾರ್ಮಸಿಸ್ಟ್. "ಇವೆರಡೂ ಆಗಲ್ಲ ಅಂತ ಎಲ್ಲೋ ಓದಿದ ನೆನಪು. ಎರಡು ಸಲ ಹಾಕಿ ನೋಡ್ದೆ. ಎರಡು ಸಲಾನೂ ಹಸಿರು. ಹೊಸ ಪಟ್ಟಿಯಲ್ಲಿ ತೆಗೆದಿರ್ಬೇಕು, ಈಗಿನ ಸಂಶೋಧನೆ ಬೇರೆ ಥರ ಇರ್ಬೇಕು ಅಂದ್ಕೊಂಡೆ. ನಿಮ್ಮ ಚಿಕ್ಕಮ್ಮನೂ ಅಂದ್ರು, ಅದು ನಮ್ಮ ಹುಡುಗಿ ಮಾಡಿರೋದು, ತಪ್ಪು ಹೇಳಲ್ಲ ಅಂತ. ಯಾಕೆ ಮೇಡಂ, ಏನಾಯ್ತು?"

ಏನಾಯಿತೆಂದು ನನಗೂ ಗೊತ್ತಿರಲಿಲ್ಲ. ಆಮೇಲೆ ಹೇಳುತ್ತೇನೆಂದು ಫೋನಿಟ್ಟೆ. ಪಕ್ಕದಲ್ಲಿ ಚಿಕ್ಕಮ್ಮ ಹಣೆ ಒತ್ತಿಕೊಳ್ಳುತ್ತಿದ್ದಳು.

"ತಲೆನೋವಾ?"

"ಸ್ವಲ್ಪ. ಬಿಸಿಲಿಗೆ."

ಕಾರಿನೊಳಗೆ ಬಿಸಿಲಿರಲಿಲ್ಲ.

*

ಆಸ್ಪತ್ರೆಯಲ್ಲಿ ಅವಳನ್ನು ತಕ್ಷಣ ಒಳಗೆ ಕರೆದುಕೊಂಡರು. ಲೋಹದ ಕವಾಟ, ಮಾತ್ರೆ, ಜೆಲ್, ನಿಲ್ಲದ ರಕ್ತ, ತಲೆನೋವು ಎಂದು ನಾನು ಒಂದೇ ಉಸಿರಿಗೆ ಹೇಳಿದ್ದನ್ನು ಕೇಳಿ ಚಿಕ್ಕ ವಯಸ್ಸಿನ ಡಾಕ್ಟರಮ್ಮ ಟ್ಯೂಬನ್ನು ಬೆಳಕಿಗೆ ಹಿಡಿದು ನೋಡಿದರು. ಆಮೇಲೆ ನನ್ನ ಮುಖ ನೋಡಿದರು.

"ಈ ಕಾಂಬಿನೇಷನ್ ಯಾರು ಕೊಟ್ಟಿದ್ದು?"

ಅವರು ಉತ್ತರಕ್ಕೆ ಕಾಯದೆ ರಕ್ತ ತೆಗೆಸಲು ಹೋದರು.

ಕಾರಿಡಾರಿನಲ್ಲಿ ಸಾಲಾಗಿ ಹಾಕಿದ್ದ ನೀಲಿ ಕುರ್ಚಿಗಳಲ್ಲಿ ಕೊನೆಯದರಲ್ಲಿ ಕೂತೆ. ಕೈಯಲ್ಲಿ ಅವಳ ರಕ್ತ ಒಣಗಿ ಬಿಗಿಯುತ್ತಿತ್ತು. ಪಟ್ಟಿಯಲ್ಲಿರುವ ಜೋಡಿಗೆ ಹಸಿರು ಹೇಗೆ ಬಂತು? ಯೋಚಿಸುತ್ತ ಕೂತಿದ್ದಂತೆ ಒಂದು ಪದ ತಾನಾಗಿ ತಲೆಗೆ ಬಂತು. ಅಜ್ಞಾತವಾಸ.

ನಮ್ಮ ಪ್ರಯೋಗಶಾಲೆಯಲ್ಲಿ ವಾರಕ್ಕೊಮ್ಮೆ ಒಂದು ಔಷಧವನ್ನು ಅಜ್ಞಾತವಾಸಕ್ಕೆ ಕಳಿಸುತ್ತೇವೆ. ಪಟ್ಟಿಯ ಒಂದು ಪ್ರತಿ ಮಾಡಿ, ಅದರಿಂದ ಆ ಔಷಧದ ಎಲ್ಲ ಜಗಳಗಳನ್ನೂ ಅಳಿಸಿ, ಅದು ನಿನ್ನೆ ತಾನೇ ಹುಟ್ಟಿದ ಹೊಸ ಔಷಧ ಎಂಬಂತೆ ಪ್ರೋಗ್ರಾಮಿನ ಮುಂದೆ ನಿಲ್ಲಿಸುವುದು. ಯಾರ ಪರಿಚಯವೂ ಇಲ್ಲದೆ, ಬರೀ ಅದರ ರಚನೆ ನೋಡಿ, ಇದರ ವೈರಿಗಳು ಯಾರ್ಯಾರು ಹೇಳು ಎಂದು ಪ್ರೋಗ್ರಾಮನ್ನು ಕೇಳುವುದು. ಎಷ್ಟು ಹುಡುಕಿತೋ ಅದೇ ಅದರ ಯೋಗ್ಯತೆ. ಪರೀಕ್ಷೆ ಮುಗಿದ ಮೇಲೆ ಅಳಿಸಿದ್ದನ್ನೆಲ್ಲ ಮತ್ತೆ ಸೇರಿಸಿ ಔಷಧವನ್ನು ವಾಪಸು ತರಬೇಕು. ಕಳಿಸಿದವರೇ ಕರೆತರಬೇಕು ಎಂಬುದು ನಮ್ಮ ನಿಯಮ. ಗೋಡೆಯ ಮೇಲೆ ದೊಡ್ಡ ಅಕ್ಷರದಲ್ಲಿ ಅಂಟಿಸಿದ್ದೇವೆ. ಅಂಟಿಸಿದವಳು ನಾನೇ.

ಉಳಿದವರು ಯಾರೂ ಹೆಸರು ಕೇಳಿರದ ಔಷಧಗಳನ್ನು ಆರಿಸಿ ಕಳಿಸುತ್ತಿದ್ದರು. ಮೂರು ವಾರದ ಹಿಂದೆ ನನ್ನ ಸರದಿ ಬಂದಾಗ ನಾನು ಆರಿಸಿದ್ದು ಆ ಗುಲಾಬಿ ಮಾತ್ರೆಯನ್ನು. ಬೇಕೆಂದೇ ಆರಿಸಿದೆ. ಪುಸ್ತಕಗಳೆಲ್ಲ ಸುಟ್ಟುಹೋದರೂ, ಯಾರೂ ಹೇಳಿಕೊಡದಿದ್ದರೂ, ನಾವು ಕಟ್ಟಿದ ಈ ಯಂತ್ರ ಚಿಕ್ಕಮ್ಮನನ್ನು ಕಾಯುತ್ತದೆಯೋ ಇಲ್ಲವೋ ನೋಡಬೇಕಿತ್ತು ನನಗೆ. ನನ್ನ ಪುಕ್ಕಲುತನಕ್ಕೆ ಅಷ್ಟು ಸಮಾಧಾನ ಬೇಕಿತ್ತು.

ಫಲಿತಾಂಶ ಬಂದಾಗ ಎಲ್ಲರೂ ಎದ್ದು ನಿಂತರು. ಆ ಮಾತ್ರೆಯ ಇನ್ನೂರ ಹನ್ನೆರಡು ವೈರಿಗಳಲ್ಲಿ ನೂರ ತೊಂಬತ್ತೊಂಬತ್ತನ್ನು ಪ್ರೋಗ್ರಾಂ ತಾನೇ ಪತ್ತೆ ಹಚ್ಚಿತ್ತು. ನಮ್ಮಲ್ಲೊಬ್ಬನಿದ್ದಾನೆ, ಅವನನ್ನು ಪಾಯಿಂಟಪ್ಪ ಎಂದೇ ಕರೆಯುವುದು. ಮಾತಿಗೆ ಮುಂಚೆ ದಶಮಾಂಶ. ಹಸಿವಾಗಿದೆಯಾ ಎಂದರೂ "ಪಾಯಿಂಟ್ ಏಳು" ಎನ್ನುವವನು. ಅವನು ಕುರ್ಚಿಯ ಮೇಲೆ ಹತ್ತಿ "ಪಾಯಿಂಟ್ ನೈನ್ ಫೋರ್!" ಎಂದು ಕೂಗಿದ. ನಮ್ಮ ಮುಖ್ಯಸ್ಥರು, ನಾವೆಲ್ಲ ದೊಡ್ಡವರು ಎನ್ನುವವರು, ತಮ್ಮ ಕೋಣೆಯಿಂದ ಓಡಿ ಬಂದರು. ಫೋಟೋ ತೆಗೆಯಲೇಬೇಕು ಎಂದರು. ತೆಗೆದೆವು. ಆಮೇಲೆ ಎಲ್ಲರೂ ಕಾಫಿಗೆ ಹೋದೆವು. ಕಾಫಿಯಿಂದ ನಾನು ಸೀದಾ ಮನೆಗೆ ಹೋದೆ.

ಕರೆತರಲಿಲ್ಲ.

ಫೋನಿನಲ್ಲಿ ಆ ಫೋಟೋ ಇನ್ನೂ ಇತ್ತು. ತೆಗೆದು ದೊಡ್ಡದು ಮಾಡಿದೆ. ಐದು ಜನ ಹಲ್ಲು ಕಿರಿದುಕೊಂಡು ಪರದೆಯ ಮುಂದೆ ನಿಂತಿದ್ದೇವೆ. ಪರದೆಯಲ್ಲಿ ದೊಡ್ಡದಾಗಿ 0.94. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ, ಪ್ರೋಗ್ರಾಮಿಗೆ ಸಿಗದೆ ಹೋದ ಹದಿಮೂರು ಹೆಸರುಗಳು. ಅವತ್ತು ಅವನ್ನು ಯಾರೂ ಓದಲಿಲ್ಲ. ನಾನೂ ಓದಲಿಲ್ಲ, ಸೋಮವಾರ ನೋಡಿದರಾಯಿತು ಎಂದುಕೊಂಡೆ. ಈಗ ಓದಿದೆ. ಆರು ಹೆಸರುಗಳಿಗೆ ನನ್ನದೇ ತಲೆ ಅಡ್ಡ ಬಂದಿತ್ತು. ಉಳಿದ ಏಳರಲ್ಲಿ ಐದನೆಯದು ಆ ಜೆಲ್.

ಹಚ್ಚುವ ಔಷಧಗಳು ರಕ್ತಕ್ಕೆ ಅಷ್ಟಾಗಿ ಸೇರುವುದಿಲ್ಲ ಎಂದು ಪ್ರೋಗ್ರಾಮಿಗೆ ಕಲಿಸಿದವರು ನಾವೇ.

*

ಪಾಯಿಂಟಪ್ಪನಿಗೆ ಫೋನ್ ಮಾಡಿದೆ.

"ಅಂಗಡಿಗಳಿಗೆ ಹೋದ ತಿಂಗಳು ಯಾವ ಪಟ್ಟಿ ಕಳ್ಸಿದೆ?"

"ಏನ್ ಪ್ರಶ್ನೆ ಇದು? ಹೊಸದೇ ಕಳ್ಸಿದೆ. ಫೋಲ್ಡರಲ್ಲಿ ಎಲ್ಲಕ್ಕಿಂತ ಹೊಸ ತಾರೀಕಿಂದು."

"ಯಾವತ್ತು?"

"ಅವತ್ತೇ, ಫೋಟೋ ತೆಗೆದ ದಿನ. ಕಾಫಿ ಆಗಿ ನೀವೆಲ್ಲ ಮನೆಗೆ ಹೋದ್ಮೇಲೆ. ಹತ್ತೊಂಬತ್ತು ದಿನ ಆಯ್ತು."

"ಆ ಫೈಲು ತೆಗೆದು ನಾನು ಅಜ್ಞಾತವಾಸಕ್ಕೆ ಕಳ್ಸಿದ ಮಾತ್ರೆ ಹುಡುಕು."

ಕೀಲಿಮಣೆಯ ಸದ್ದು ಕೇಳಿಸಿತು. ಆಮೇಲೆ ಸದ್ದು ನಿಂತಿತು. ನಾನು ಅವನನ್ನು ಏಳು ವರ್ಷದಿಂದ ಬಲ್ಲೆ. ಅವನು ಒಂದು ಸಂಖ್ಯೆಯನ್ನೂ ಹೇಳದೆ ಇಷ್ಟು ಹೊತ್ತು ಇದ್ದದ್ದನ್ನು ನೋಡಿಯೇ ಇಲ್ಲ.

"ಒಂದೂ ಇಲ್ಲ," ಎಂದ ಕೊನೆಗೆ. "ಅದರ ಜಗಳ ಒಂದೂ ಇಲ್ಲ ಕಣೇ. ನೀನು ವಾಪಸ್ ತಂದಿರ್ತೀಯ ಅಂದ್ಕೊಂಡೆ."

"ತಂದಿಲ್ಲ."

"ನಾನೂ ನೋಡ್ಬೇಕಿತ್ತು."

"ನೀನು ನೋಡ್ಬೇಕಿತ್ತು, ನಾನು ತರ್ಬೇಕಿತ್ತು. ಚಿಕ್ಕಮ್ಮ ಎಮರ್ಜೆನ್ಸಿ ವಾರ್ಡಲ್ಲಿದಾಳೆ. ಸರಿಯಾದ ಪಟ್ಟಿ ಈಗ್ಲೇ ಕಳಿಸು. ಆಮೇಲೆ ಹನ್ನೊಂದು ಅಂಗಡಿಗೂ ಫೋನ್ ಮಾಡಿ, ಈ ಮಾತ್ರೆಯ ಜೊತೆ ಆ ಹದಿಮೂರರಲ್ಲಿ ಯಾವುದಕ್ಕಾದ್ರೂ ಹಸಿರು ಸಿಕ್ಕಿದವರ ಹೆಸರು, ನಂಬರು, ವಿಳಾಸ ತೆಗೆಸು."

"ದೊಡ್ಡವರಿಗೆ ಹೇಳ್ಬೇಡ್ವಾ?"

ಹೇಳಬೇಕಿತ್ತು. ಹೇಳಿದೆ. ದೊಡ್ಡವರು ಕೆಟ್ಟ ಮನುಷ್ಯರಲ್ಲ. ನಾನು ಹೇಳಿದ್ದನ್ನೆಲ್ಲ ಮಧ್ಯೆ ಬಾಯಿ ಹಾಕದೆ ಕೇಳಿಸಿಕೊಂಡರು, ಚಿಕ್ಕಮ್ಮ ಹೇಗಿದ್ದಾರೆಂದು ಎರಡು ಸಲ ಕೇಳಿದರು. ಆಮೇಲೆ ಅವರ ದನಿ ಬೇರೆಯಾಯಿತು.

"ಪಟ್ಟಿ ಸರಿ ಮಾಡಿ, ಒಳ್ಳೇದು. ಆದ್ರೆ ಜನಕ್ಕೆ ಫೋನ್ ಮಾಡೋದು ಈಗ್ಲೇ ಬೇಡ. ಮೂರು ಗಂಟೆಗೆ ಎಲ್ಲರೂ ಕೂತು ಏನು ಹೇಳ್ಬೇಕು, ಹೇಗೆ ಹೇಳ್ಬೇಕು ಅಂತ ತೀರ್ಮಾನ ಮಾಡೋಣ. ಸುಮ್ಸುಮ್ನೆ ಗಾಬರಿ ಹಬ್ಬಿಸೋದು ಬೇಡ. ಹತ್ತು ವರ್ಷದ ಕೆಲಸ ಇದು."

"ಸರ್, ಈಗ ಹನ್ನೊಂದು ಗಂಟೆ."

"ನಾಲ್ಕು ಗಂಟೆಯಲ್ಲಿ ಏನಾಗತ್ತೆ?" ಎಂದರು. ಕೇಳಿದ ಮೇಲೆ ಅವರಿಗೇ ಉತ್ತರ ಹೊಳೆಯಿತೆಂದು ಕಾಣುತ್ತದೆ, ಫೋನಿಟ್ಟುಬಿಟ್ಟರು.

ಅವರಿಗೂ ಹೆದರಿಕೆಯಾಗಿತ್ತು. ಆದರೆ ನನಗಾಗುತ್ತಿದ್ದ ಹೆದರಿಕೆಯಲ್ಲ ಅದು. ನನಗೆ ಗೋಡೆಯ ಆಚೆ ಇದ್ದ ಒಂದು ತಲೆಯದೇ ಚಿಂತೆ, ಅದರೊಳಗೆ ಈ ಕ್ಷಣ ರಕ್ತ ಸೋರುತ್ತಿದೆಯೋ ಏನೋ ಎಂದು. ಬೇರೆಯವರ ತಲೆಗಳ ಬಗ್ಗೆ ಯೋಚಿಸುವ ಶಕ್ತಿ ನನ್ನಲ್ಲಿರಲಿಲ್ಲ. ನಾಚಿಕೆಯಾಗುತ್ತದೆ, ಆದರೂ ನಿಜ. ಪಾಯಿಂಟಪ್ಪ ಕಳಿಸಿದ ಪಟ್ಟಿ ಹನ್ನೊಂದೂವರೆಗೇ ಫೋನಿಗೆ ಬಂತು. ಇಪ್ಪತ್ತೆಂಟು ಜನ. "ಹದಿನಾಲ್ಕು ನಾನು ಮಾಡ್ಲಾ? ದೊಡ್ಡವರು ಬೇಡ ಅಂತಿದಾರಲ್ಲ?" ಎಂದು ಕೆಳಗೆ ಬರೆದಿದ್ದ. ನಾನು ಉತ್ತರಿಸದೆ ಫೋನನ್ನು ಮಗುಚಿ ತೊಡೆಯ ಮೇಲಿಟ್ಟುಕೊಂಡು ಕೂತೆ.

*

ಹನ್ನೆರಡಕ್ಕೆ ಡಾಕ್ಟರಮ್ಮ ಹೊರಗೆ ಬಂದರು.

"ರಕ್ತ ಎಷ್ಟು ತೆಳುವಾಗಿದೆ ಅನ್ನೋ ಲೆಕ್ಕ ನಿಮಗೆ ಗೊತ್ತಿದೆ ಅಲ್ವಾ? ಅವರಿಗೆ ಎರಡೂವರೆಯಿಂದ ಮೂರೂವರೆ ಒಳಗೆ ಇರ್ಬೇಕು. ಈಗ ಒಂಬತ್ತು ದಾಟಿದೆ."

"ತಲೆಯೊಳಗೆ?" ಎಂದೆ.

"ತಲೆಯ ಸ್ಕ್ಯಾನ್ ಆಯ್ತು. ಸದ್ಯಕ್ಕೆ ಏನೂ ಕಾಣ್ತಿಲ್ಲ. ನೋವಿರೋದ್ರಿಂದ ನಾಳೆ ಇನ್ನೊಂದು ಸಲ ಮಾಡ್ತೀವಿ. ಅದನ್ನ ಇಳಿಸೋ ಔಷಧ ಸ್ವಲ್ಪ ಸ್ವಲ್ಪವೇ ಕೊಡ್ತಾ ಇದೀವಿ. ಒಂದೇ ಸಲಕ್ಕೆ ಜಾಸ್ತಿ ಕೊಟ್ರೆ ಕವಾಟದ ಮೇಲೆ ಹೆಪ್ಪುಗಟ್ಟತ್ತೆ. ಕೊಡದಿದ್ರೆ ಸೋರತ್ತೆ. ನಿಧಾನ ಮಾಡ್ಬೇಕು. ಇನ್ನೆರಡು ದಿನ ಬಿಟ್ಟು ಬಂದಿದ್ರೆ..." ಅವರು ಮಾತು ಮುಗಿಸಲಿಲ್ಲ. "ಒಳಗೆ ಹೋಗಿ. ನಿಮ್ಮನ್ನೇ ಕೇಳ್ತಿದಾರೆ."

ಚಿಕ್ಕಮ್ಮ ಮಂಚದ ಮೇಲೆ ಒರಗಿ ಕೂತಿದ್ದಳು. ಬೆರಳಿಗೆ ಈಗ ಸರಿಯಾದ ಬ್ಯಾಂಡೇಜು. ಹಲ್ಲಿನ ಸೆಟ್ಟು ತೆಗೆದಿಟ್ಟಿದ್ದರು. ಕೆನ್ನೆ ಒಳಕ್ಕೆ ಹೋಗಿ ಅವಳು ನನಗೆ ಗೊತ್ತಿಲ್ಲದ ಯಾರೋ ಮುದುಕಿಯ ಹಾಗೆ ಕಾಣುತ್ತಿದ್ದಳು. ನನಗೆ ಅಲ್ಲೇ ಅಳು ಬಂತು.

"ಶುರುವಾಯ್ತು," ಎಂದಳು. "ಪುಕ್ಕಲಿ. ನನಗೇನೂ ಆಗಿಲ್ಲ. ಇವರು ಸುಮ್ನೆ ಜೆಲ್ ಮೇಲೆ ತಪ್ಪು ಹಾಕ್ತಿದಾರೆ. ನಾನು ಹೇಳ್ದೆ, ನಮ್ಮ ಹುಡುಗಿ ಮೆಷೀನಲ್ಲಿ ನೋಡೇ ತಗೊಂಡಿದ್ದು, ಅದು ಹಸಿರು ಕೊಟ್ಟಿದೆ ಅಂತ. ನೀನೇ ಹೇಳು ಅವರಿಗೆ."

ಪರದೆಯ ಆಚೆ ನರ್ಸ್ ಇದ್ದರು. ಹೇಳದೆ ಇರಬಹುದಿತ್ತು. ಇವಳು ಸುಧಾರಿಸಿಕೊಳ್ಳಲಿ, ಮನೆಗೆ ಬರಲಿ, ಆಮೇಲೆ ಎಂದಾದರೂ ಹೇಳೋಣ ಎಂದು ಮನಸ್ಸು ಹೇಳುತ್ತಿತ್ತು. ಸೋಮವಾರ ನೋಡಿದರಾಯಿತು ಎಂದದ್ದೂ ಇದೇ ಮನಸ್ಸು.

"ಚಿಕ್ಕಮ್ಮ, ಹಸಿರು ಬಂದಿದ್ದು ನನ್ನ ತಪ್ಪಿಂದ."

ಹೇಳಿದೆ. ಅಜ್ಞಾತವಾಸ ಎಂದರೇನು, ಯಾಕೆ ಕಳಿಸುತ್ತೇವೆ, ಅವಳ ಮಾತ್ರೆಯನ್ನೇ ನಾನು ಯಾಕೆ ಆರಿಸಿದೆ, ಫೋಟೋ, ಕಾಫಿ, ಎಲ್ಲ. ಅವಳು ಹಲ್ಲಿಲ್ಲದ ಬಾಯಿ ಬಿಗಿದುಕೊಂಡು ಕೇಳಿದಳು. ಅವಳು ಬೈಯುತ್ತಾಳೆಂದು ಕಾದೆ. ಬೈದಿದ್ದರೆ ಹಗುರವಾಗುತ್ತಿತ್ತು.

"ಅಂದ್ರೆ," ಎಂದಳು, "ನಾನು ಚೆನ್ನಾಗಿರ್ತೀನಾ ಇಲ್ವಾ ಅಂತ ನೋಡೋಕೆ ನನ್ನ ಬಾಗಿಲ ಚಿಲಕ ತೆಗೆದಿಟ್ಟೆ. ಹಾಕೋದು ಮರ್ತೆ."

"ಹೌದು."

"ಬೇರೆ ಯಾರ್ಯಾರ ಬಾಗಿಲು ತೆಗೆದಿದೆ?"

ನಾನು ಫೋನನ್ನು ಬಿಗಿಯಾಗಿ ಹಿಡಿದುಕೊಂಡೆ. ಅವಳ ಕಣ್ಣು ಅದರ ಮೇಲೆ ಬಿತ್ತು.

"ಎಷ್ಟು ಜನ?"

"ಇಪ್ಪತ್ತೇಳು. ನಿನ್ನ ಬಿಟ್ಟು."

"ಅವರಿಗೆ ಹೇಳಿದೀಯಾ?"

"ಮೂರು ಗಂಟೆಗೆ ಮೀಟಿಂಗಿದೆ. ಆಮೇಲೆ..."

ಚಿಕ್ಕಮ್ಮ ನನಗೆ ಕೈ ಮಾಡಿದವಳಲ್ಲ, ಯಾವತ್ತೂ. ಈಗ ಬ್ಯಾಂಡೇಜಿನ ಕೈಯನ್ನೇ ಎತ್ತಿದಳು. ಎತ್ತಿದ್ದು ಅರ್ಧಕ್ಕೆ ನಿಂತಿತು.

"ಇಷ್ಟೊತ್ತು ಹೊರಗೆ ಕೂತು ಏನು ಮಾಡ್ತಿದ್ದೆ?"

"ನಿನ್ನ ರಿಪೋರ್ಟು ಬರ್ಲಿ ಅಂತ..."

"ನನ್ನನ್ನು ನೋಡ್ಕೊಳ್ಳೋಕೆ ಇಲ್ಲಿ ಡಾಕ್ಟ್ರಿದಾರೆ. ಅವರಿಗೆ ಯಾರಿದಾರೆ? ತೆಗಿ ಫೋನು. ಇಲ್ಲೇ ಕೂತು ಮಾಡು. ನಾನೂ ಕೇಳಿಸ್ಕೋಬೇಕು."

*

ಪಾಯಿಂಟಪ್ಪನಿಗೆ "ಮಾಡು, ದೊಡ್ಡವರು ಕೇಳಿದ್ರೆ ನಾನೇ ಮಾಡು ಅಂದೆ ಅನ್ನು" ಎಂದು ಬರೆದು, ಪಟ್ಟಿಯಲ್ಲಿ ಚಿಕ್ಕಮ್ಮನ ಹೆಸರು ಬಿಟ್ಟು ನನ್ನ ಪಾಲಿಗೆ ಬಂದ ಹದಿಮೂರನ್ನು ಶುರು ಮಾಡಿದೆ. ಮಂಚದ ಅಂಚಿನಲ್ಲಿ ಕೂತು, ಸ್ಪೀಕರ್ ಹಾಕಿ. ನಾನು ಏನು ಹೇಳಬೇಕೆಂದು ಯಾರೂ ಕೂತು ತೀರ್ಮಾನ ಮಾಡಿರಲಿಲ್ಲ. ನನ್ನ ಹೆಸರು, ನಾನು ಮಾಡುವ ಕೆಲಸ, ನಾವು ಮಾಡಿದ ತಪ್ಪು. ನೀವು ಹೊಸದಾಗಿ ಶುರು ಮಾಡಿದ ಈ ಔಷಧವನ್ನು ಈಗಲೇ ನಿಲ್ಲಿಸಿ, ಗುಲಾಬಿ ಮಾತ್ರೆಯ ಬಗ್ಗೆ ಡಾಕ್ಟರನ್ನು ಕೇಳಿ, ಇವತ್ತೇ ಹೋಗಿ ರಕ್ತ ಪರೀಕ್ಷೆ ಮಾಡಿಸಿ. ಮೈಮೇಲೆ ನೀಲಿ ಕಲೆ ಇದೆಯಾ? ವಸಡಲ್ಲಿ ರಕ್ತ ಬರುತ್ತಿದೆಯಾ? ತಲೆನೋವು?

ಮೊದಲನೆಯವರು ನನ್ನನ್ನು ವಂಚಕಿ ಎಂದುಕೊಂಡರು. "ಮುಂದೆ ಓಟಿಪಿ ಕೇಳ್ತೀರ ತಾನೆ?" ಎಂದು ಇಟ್ಟರು. ಮತ್ತೆ ಮಾಡಿದೆ. ಮತ್ತೆ ಇಟ್ಟರು. ಮೂರನೆಯ ಸಲ ಚಿಕ್ಕಮ್ಮ ಫೋನು ಕಿತ್ತುಕೊಂಡು, "ರೀ ಸ್ವಾಮಿ, ನಾನು ಅದೇ ಜೆಲ್ ಹಚ್ಕೊಂಡು ಆಸ್ಪತ್ರೆ ಮಂಚದ ಮೇಲಿದೀನಿ. ನಿಮಗೂ ಪಕ್ಕದ ಮಂಚ ಬೇಕಾದ್ರೆ ಇಡಿ ಫೋನು," ಎಂದಳು. ಅವರು ಇಡಲಿಲ್ಲ.

ಎರಡನೆಯವರು ಔಷಧ ಎರಡೇ ದಿನಕ್ಕೆ ಬಿಟ್ಟಿದ್ದರು. ಮೂರನೆಯವರು ಬಾಯಿಗೆ ಬಂದಂತೆ ಬೈದರು, ಕೇಳಿಸಿಕೊಂಡೆ. ನಾಲ್ಕನೆಯ ಮನೆಯಲ್ಲಿ ಮಗಳು ಅಳತೊಡಗಿದಳು, ಅಪ್ಪನ ಮೂಗಿನಿಂದ ಎರಡು ದಿನದಿಂದ ರಕ್ತ, ಸೆಖೆಗೆ ಅಂದುಕೊಂಡಿದ್ದೆವು ಎಂದಳು. ಈಗಲೇ ಹೊರಡಿ ಎಂದೆ. ಒಬ್ಬೊಬ್ಬರ ಫೋನು ರಿಂಗಾಗುವಷ್ಟು ಹೊತ್ತೂ ನಾನು ರಿಂಗು ಎಣಿಸುತ್ತಿದ್ದೆ. ಎತ್ತಿ ಹಲೋ ಎಂದರೆ ಸಾಕು, ದನಿ ಯಾವುದಾದರೂ ಆಗಲಿ, ಬೈಗುಳವೇ ಆಗಲಿ. ಮಧ್ಯೆ ಎರಡು ಸಲ ದೊಡ್ಡವರ ಹೆಸರು ಪರದೆಯ ಮೇಲೆ ಬಂತು. ಎತ್ತಲಿಲ್ಲ.

ಒಂಬತ್ತನೆಯ ನಂಬರನ್ನು ಒಬ್ಬ ಹೆಂಗಸು ಎತ್ತಿದರು. ವಯಸ್ಸಾದ, ಮೆತ್ತಗಿನ ದನಿ. ಹಿಂದೆ ಎಲ್ಲೋ ನಲ್ಲಿ ನೀರು ಬೀಳುತ್ತಿತ್ತು.

"ಅದು ನಮ್ಮ ಯಜಮಾನರ ಔಷಧ. ಹದಿನೈದು ದಿನ ಆಯ್ತು ಹಚ್ತಿದಾರೆ. ಯಾಕಮ್ಮ?"

ಹೇಳಿದೆ. ಆಕೆ ನಡುವೆ "ಹೂಂ, ಹೂಂ" ಎನ್ನುತ್ತಿದ್ದರು.

"ಸರಿ, ಎದ್ಮೇಲೆ ಹೇಳ್ತೀನಿ. ಈಗ ಮಲಗಿದಾರೆ."

"ಹಗಲು ಹೊತ್ತು ಮಲಗ್ತಾರಾ?"

"ಇಲ್ಲಮ್ಮ, ಇವತ್ತೇ. ಬೆಳಿಗ್ಗೆಯಿಂದ ತಲೆನೋವು ಅಂತಿದ್ರು. ಒಂದ್ಸಲ ವಾಂತಿನೂ ಆಯ್ತು. ಈಗ ನಿದ್ದೆ ಹತ್ತಿದೆ, ಎಬ್ಬಿಸ್ಬೇಡ ಅಂದಿದಾರೆ."

ಚಿಕ್ಕಮ್ಮ ಒರಗಿದ್ದವಳು ನೆಟ್ಟಗೆ ಕೂತಳು.

"ಎಬ್ಬಿಸಿ ಅಮ್ಮ," ಎಂದೆ.

"ಒಂದು ಗಂಟೆ ಬಿಟ್ಟು..."

"ಈಗ್ಲೇ ಎಬ್ಬಿಸಿ. ದಯವಿಟ್ಟು. ನಾನು ಫೋನಲ್ಲೇ ಇರ್ತೀನಿ."

ಆಕೆ ಫೋನನ್ನು ಯಾವುದೋ ಮೇಜಿನ ಮೇಲಿಟ್ಟ ಸದ್ದಾಯಿತು. ನಲ್ಲಿ ನಿಂತಿತು. ಚಪ್ಪಲಿಯ ಸದ್ದು ದೂರ ಹೋಯಿತು, ಒಂದು ಬಾಗಿಲು ತೆರೆಯಿತು.

"ರೀ," ಎಂದರು ಆಕೆ, ಮೆತ್ತಗೆ, ನಿದ್ದೆ ಕೆಡಿಸುವುದಕ್ಕೆ ಮನಸ್ಸಿಲ್ಲದವರ ಹಾಗೆ.

ಕಾದೆ. ಚಿಕ್ಕಮ್ಮನ ಎದೆಯ ಟಿಕ್ ಟಿಕ್ ನನಗೆ ಕೇಳಿಸುತ್ತಿತ್ತು.

"ರೀ, ಏಳ್ರೀ. ಯಾರೋ ಫೋನ್ ಮಾಡಿದಾರೆ."

ಚಿಕ್ಕಮ್ಮ ಆಗಲೇ ಒಂದು ಕೈ ಎತ್ತಿ ನರ್ಸನ್ನು ಕರೆಯುತ್ತಿದ್ದಳು, ಆಂಬುಲೆನ್ಸಿಗೆ ಹೇಳಲು ಪಟ್ಟಿಯಲ್ಲಿ ಆ ಮನೆಯ ವಿಳಾಸ ತೋರಿಸು ಎಂದು ನನಗೆ ಕಣ್ಣಿನಲ್ಲೇ ಸನ್ನೆ ಮಾಡುತ್ತಿದ್ದಳು. ಬ್ಯಾಂಡೇಜಿನ ಕೈ ನನ್ನ ಮಣಿಕಟ್ಟು ಹಿಡಿದಿತ್ತು. ಫೋನಿನೊಳಗಿಂದ ಮೂರನೆಯ ಸಲ ಕರೆದದ್ದು ತುಂಬ ಜೋರಾಗಿ ಕೇಳಿಸಿತು.

"ಇಡಬೇಡ," ಎಂದಳು ಚಿಕ್ಕಮ್ಮ.

ನಾನು ಇಡಲಿಲ್ಲ.